ಕೌಂಟರಕ್ಕನ ಬುಧವಾರ

ಶೀತಲ ಕೊಠಡಿಯಿಂದ ಹೊರಗೆ ಬಂದ ಇನ್‌ಸ್ಪೆಕ್ಟರಮ್ಮ ನೇರವಾಗಿ ಹೋಗಿ ನಾದಿನಿಗೆ ಡಿಕ್ಕಿ ಹೊಡೆದರು.

“ಅತ್ತಿಗೆ, ನಾನು ಇಷ್ಟು ದಪ್ಪ ಇದೀನಿ. ಆದರೂ ಕಾಣಿಸ್ಲಿಲ್ವಾ?”

ಕಾಣಿಸಿರಲಿಲ್ಲ. ಒಳಗಿನ ಕೊರೆಯುವ ಚಳಿಯಲ್ಲಿ ಮಂಜುಗಡ್ಡೆಯಂತಾಗಿದ್ದ ಕನ್ನಡಕ, ಹೊರಗಿನ ಸೆಕೆ ತಾಗಿದ್ದೇ ತಡ, ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಅದನ್ನು ತೆಗೆದು ಕರವಸ್ತ್ರದಿಂದ ಒರೆಸಿದರು. ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಇನ್ನೊಮ್ಮೆ ಬೆಳ್ಳಗಾಯಿತು. ಹಾಳಾಗಿ ಹೋಗಲಿ ಎಂದು ಕೈಯಲ್ಲೇ ಹಿಡಿದುಕೊಂಡು ನಿಂತರು.

ಅವರ ಮೈ ಉರಿಯುತ್ತಿದ್ದದ್ದು ಕನ್ನಡಕದ ಮೇಲಲ್ಲ, ಬಾಗಿಲಿನ ಮೇಲೆ.

ಇಂಥ ಕೊಠಡಿಗಳ ಬಾಗಿಲಿಗೆ ಒಳಗಡೆ ಒಂದು ದಪ್ಪ ಗುಂಡಿ ಇರುತ್ತದೆ. ಹೊರಗಿನಿಂದ ಯಾರಾದರೂ ಚಿಲಕ ಹಾಕಿದರೂ ಒಳಗಿರುವವರು ಅದನ್ನು ಒತ್ತಿದರೆ ಬಾಗಿಲು ಬಿಚ್ಚಿಕೊಳ್ಳಬೇಕು. ಈ ಬಾಗಿಲಿನಲ್ಲಿ ಗುಂಡಿ ಇರಬೇಕಾದ ಜಾಗದಲ್ಲಿ ಒಂದು ತೂತಿತ್ತು. ಚಳಿ ಸೋರದಿರಲೆಂದು ತೂತಿಗೆ ಯಾರೋ ಬಟ್ಟೆ ತುರುಕಿದ್ದರು. ಗುಂಡಿ ಮುರಿದು ವರ್ಷವಾಗಿದೆಯೆಂದು ಕಾವಲುಗಾರ ಹೇಳಿದ. ವಿದ್ಯಾರ್ಥಿಗಳು ಹೋಗಿ ಕೇಳಿದಾಗಲೆಲ್ಲ ಅನುದಾನ ಬಂದಿಲ್ಲ ಎಂಬ ಉತ್ತರ ಬಂದಿತ್ತಂತೆ.

ಇನ್‌ಸ್ಪೆಕ್ಟರಮ್ಮ ತಲೆ ಎತ್ತಿ ನೋಡಿದರು. ಅದೇ ಮೊಗಸಾಲೆಯ ಉದ್ದಕ್ಕೂ ಪ್ರೊಫೆಸರುಗಳ ಕೋಣೆಗಳ ಮೇಲೆ ಹೊಸ ನಾಮಫಲಕಗಳು, ಪ್ರತಿಯೊಂದರ ಹಿಂದೆಯೂ ಪುಟ್ಟ ದೀಪ.

“ಹೆಸರಿಗೆ ದೀಪ ಹಾಕಿಸೋಕೆ ಅನುದಾನ ಬಂತು,” ಎಂದರು, ಯಾರಿಗೂ ಅಲ್ಲದೆ.

ಹೋದ ಬುಧವಾರ ಸಂಜೆ ಈ ಬಾಗಿಲಿನ ಹಿಂದೆ ಸಿಕ್ಕಿಬಿದ್ದ ಸಂಶೋಧನಾ ವಿದ್ಯಾರ್ಥಿನಿ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ತೆರೆದಿರಲಿಲ್ಲ. ಹೊರಗಿನಿಂದ ಚಿಲಕ ಹಾಕಿದವನೆಂದು ಪೊಲೀಸರು ಅವಳದೇ ವಿಭಾಗದ ಹುಡುಗನೊಬ್ಬನನ್ನು ಹಿಡಿದು ಕೂರಿಸಿದ್ದರು.

ಬಾಗಿಲ ಪಕ್ಕದ ಗೂಟಗಳಲ್ಲಿ ದಪ್ಪ ಕೋಟುಗಳು ನೇತಾಡುತ್ತಿದ್ದವು. ಒಳಗೆ ಹೋಗುವವರು ಒಂದನ್ನು ತೊಟ್ಟುಕೊಂಡೇ ಹೋಗಬೇಕು. ಅವಳು ತೊಟ್ಟಿರಲಿಲ್ಲ. ಐದು ವರ್ಷದಿಂದ ಇಲ್ಲಿ ಬೀಜದ ಮಾದರಿಗಳನ್ನು ಇಡುವ, ತೆಗೆಯುವ ಕೆಲಸ ಮಾಡುತ್ತಿದ್ದವಳು ಕೋಟಿಲ್ಲದೆ ಒಳಗೆ ಹೋದಳೆಂದರೆ, ಬಾಗಿಲಲ್ಲೇ ಇರುವ ಏನನ್ನೋ ಎತ್ತಿಕೊಂಡು ಬರುವ ಕ್ಷಣಮಾತ್ರದ ಕೆಲಸಕ್ಕೆ ಹೋಗಿರಬೇಕು. ಯಾರೋ ಕಳಿಸಿರಬೇಕು. ಮತ್ತು ಕಳಿಸಿದವರು ಬೆನ್ನ ಹಿಂದೆಯೇ ನಿಂತಿರಬೇಕು.

ಪೊಲೀಸ್ ಕೆಲಸ ಬಿಟ್ಟು ಮೂರು ವರ್ಷವಾದರೂ ಊರಿಗೆಲ್ಲ ಅವರು ಇನ್‌ಸ್ಪೆಕ್ಟರಮ್ಮನೇ. ಈಗ ಠಾಣೆಯಲ್ಲಿರುವ ಸಬ್‌ಇನ್‌ಸ್ಪೆಕ್ಟರ್ ಒಂದು ಕಾಲದಲ್ಲಿ ಅವರ ಕೈಕೆಳಗೆ ಪಳಗಿದವನು. ಆ ಮರ್ಯಾದೆಗೆ ಬಾಗಿಲುಗಳು ತೆರೆಯುತ್ತಿದ್ದವು. ತೆರೆಯದ ಬಾಗಿಲುಗಳನ್ನು ನಾದಿನಿ ಮಾತಾಡಿ ಮಾತಾಡಿ ಸುಸ್ತು ಮಾಡಿಸಿ ತೆರೆಸುತ್ತಿದ್ದಳು.

*

ಗ್ರಂಥಾಲಯದ ಹಿಂಬದಿ ಹಳೆಯ ಬಸ್ ಪಾಸಿನ ಕೋಣೆಯೊಂದಿತ್ತು. ಪಾಸು ಕೊಡುವುದು ಎಂದೋ ನಿಂತುಹೋಗಿ, ಗಾಜಿನ ಕೌಂಟರು ಮಾತ್ರ ಉಳಿದಿತ್ತು. ಗಾಜಿನಲ್ಲಿ ಮಾತಾಡಲು ಒಂದು ದುಂಡನೆಯ ತೂತು.

ಆ ಗಾಜಿನ ಹಿಂದೆ ಪ್ರತಿ ಬುಧವಾರ ಮಧ್ಯಾಹ್ನ, ಈಗ ಆಸ್ಪತ್ರೆಯಲ್ಲಿದ್ದ ಆ ವಿದ್ಯಾರ್ಥಿನಿ ಕೂರುತ್ತಿದ್ದಳು. ಹಾಗಾಗಿಯೇ ಕೌಂಟರಕ್ಕ. ಅವಳ ನಿಜವಾದ ಹೆಸರು ಹೇಳಿದರೆ ಅರ್ಧದಷ್ಟು ಜನಕ್ಕೆ ಯಾರೆಂದೇ ತಿಳಿಯುತ್ತಿರಲಿಲ್ಲ.

ಗುಂಗುರು ಕೂದಲಿನ ಹುಡುಗಿಯೊಬ್ಬಳು ಕೋಣೆಯ ಬೀಗ ತೆಗೆದು ಒಳಗೆ ಕರೆದಳು. ಕೌಂಟರಕ್ಕನ ವಿಭಾಗದವಳೇ, ಎರಡು ವರ್ಷ ಚಿಕ್ಕವಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. ಅಳು ಮುಗಿದ ಮೇಲೆ ಉಳಿಯುವ ಸಿಟ್ಟು ಅವಳ ಮಾತಿನಲ್ಲಿತ್ತು.

ಏನು ಮಾಡುತ್ತಿದ್ದಳು ಇಲ್ಲಿ ಕೂತು ಎಂದು ಇನ್‌ಸ್ಪೆಕ್ಟರಮ್ಮ ಕೇಳಿದರು.

ದುಡ್ಡು ಎಲ್ಲಿದೆ ಅಂತ ಹೇಳುತ್ತಿದ್ದಳು ಎಂದಳು ಹುಡುಗಿ.

ಓದುವುದಕ್ಕೆ ದುಡ್ಡು ಸಿಗುವ ದಾರಿಗಳು ಹತ್ತಾರು ಇವೆ, ಆದರೆ ಅವು ಇವೆಯೆಂದು ಹೇಳುವವರೇ ಇಲ್ಲ ಎಂಬುದು ಕೌಂಟರಕ್ಕನ ಸಿಟ್ಟಾಗಿತ್ತಂತೆ. ಸಂಶೋಧನಾ ಮಂಡಳಿಯ ಫೆಲೋಶಿಪ್ ಎಲ್ಲರಿಗೂ ಗೊತ್ತು. ಅದು ಸಿಗದವರು ಕೆಳಗಿನ ತರಗತಿಗಳಿಗೆ ಪಾಠ ಮಾಡುತ್ತ ಸಂಬಳ ಪಡೆಯಬಹುದು. ಯಾವುದಾದರೂ ಯೋಜನೆಯಲ್ಲಿ ಸಹಾಯಕರಾಗಿ ಸೇರಬಹುದು. ಓದಿನ ನಡುವೆ ತಂದೆ ತೀರಿಕೊಂಡರೆ ಶುಲ್ಕ ಮಾಫಿ ಇದೆ. ಮಗು ಹೆತ್ತವರಿಗೆ ನಿಂತ ಫೆಲೋಶಿಪ್ಪನ್ನು ಮುಂದುವರಿಸುವ ನಿಯಮವಿದೆ. ಪ್ರಬಂಧ ಓದಲು ಬೇರೆ ಊರಿಗೆ ಹೋಗುವವರಿಗೆ ಪ್ರಯಾಣದ ಖರ್ಚು ಸಿಗುತ್ತದೆ. ಹಳೆಯ ವಿದ್ಯಾರ್ಥಿಗಳು, ದೊಡ್ಡ ಮನೆತನಗಳವರು ಇಟ್ಟ ದತ್ತಿಗಳಿವೆ, ಅರ್ಜಿ ಹಾಕುವವರಿಲ್ಲದೆ ಧೂಳು ಹಿಡಿದು ಕೂತಿವೆ.

“ಭಿಕ್ಷೆ ಕೇಳೋ ಥರ ಬಗ್ಗಬೇಡ್ರೋ, ನಿಮ್ಮದನ್ನೇ ನೀವು ಕೇಳ್ತಿರೋದು ಅಂತಿದ್ಲು. ಆದರೆ ಈ ತೂತು ಇಷ್ಟು ಕೆಳಗಿದೆ, ಬಗ್ಗದೆ ಮಾತಾಡೋಕಾಗಲ್ಲ. ಅದಕ್ಕೇ ಕೊನೆಗೆ ಅವಳೇ ಹೊರಗೆ ಬಂದು ಕೂರ್ತಿದ್ಲು.”

ಹುಡುಗಿ ನಗಲು ಹೋಗಿ ಮುಖ ತಿರುಗಿಸಿದಳು.

ಪೊಲೀಸರು ಹಿಡಿದ ಹುಡುಗನ ಬಗ್ಗೆ ಇನ್‌ಸ್ಪೆಕ್ಟರಮ್ಮ ವಿಚಾರಿಸಿದರು. ಉದ್ದನೆಯ ಕಾಲು, ಉದ್ದನೆಯ ಕತ್ತು. ಎಲ್ಲರೂ ಕೊಕ್ಕರೆ ಎನ್ನುತ್ತಿದ್ದರು. ಕೊಕ್ಕರೆ ಯಾರ ಮೇಲೂ ಕೈ ಎತ್ತುವವನಲ್ಲ ಎಂದಳು ಹುಡುಗಿ. ಅವನಿಗೂ, ಕೌಂಟರಕ್ಕನಿಗೂ, ತನಗೂ, ಇನ್ನೂ ನಾಲ್ಕಾರು ಮಂದಿಗೂ ಗೈಡ್ ಒಬ್ಬರೇ, ಪ್ರೊಫೆಸರ್. ಪ್ರತಿ ತಿಂಗಳೂ ಈ ವಿದ್ಯಾರ್ಥಿ ಕೆಲಸ ಮಾಡಿದ್ದಾನೆ ಎಂದು ಗೈಡ್ ಸಹಿ ಹಾಕಬೇಕು, ಆಗಲೇ ಆ ತಿಂಗಳ ಫೆಲೋಶಿಪ್ ಬಿಡುಗಡೆ. ಸಹಿ ಇಲ್ಲದಿದ್ದರೆ ದುಡ್ಡಿಲ್ಲ.

“ಸಹಿ ಹಾಕಲ್ವಾ?”

“ಹಾಕ್ತಾರೆ. ಅವರ ಮನೆ ಗೋಡೆಗೆ ಬಣ್ಣ ಹೊಡೆದ ತಿಂಗಳು ಕೊಕ್ಕರೆಗೆ ಹಾಕಿದ್ರು. ಅವರ ಮಗನ ಪ್ರಾಜೆಕ್ಟ್ ಬರೆದುಕೊಟ್ಟ ತಿಂಗಳು ನನಗೆ ಹಾಕಿದ್ರು.” ಹುಡುಗಿ ಇನ್‌ಸ್ಪೆಕ್ಟರಮ್ಮನ ಮುಖವನ್ನೇ ನೋಡುತ್ತ ಹೇಳಿದಳು. “ಇವರ ಹತ್ತಿರ ಪಿಎಚ್.ಡಿ. ಮಾಡೋದಕ್ಕೆ ಗಿಡದ ಬಗ್ಗೆ ಗೊತ್ತಿರಬೇಕಾಗಿಲ್ಲ ಮೇಡಂ. ಸುಣ್ಣ ಬಣ್ಣ ಗೊತ್ತಿದ್ರೆ ಸಾಕು.”

ಮರುತಿಂಗಳು ಕೊಕ್ಕರೆ ಇಂಥ ಕೆಲಸ ಇನ್ನು ಆಗಲ್ಲ ಎಂದುಬಿಟ್ಟ. ಸಹಿ ನಿಂತಿತು. ಕೌಂಟರಕ್ಕ ಹೇಳಿದಂತೆ ಅವನು ಮಂಡಳಿಗೆ ದೂರು ಕೊಟ್ಟ. ಪ್ರೊಫೆಸರ್ ಆಗ ಒಬ್ಬನ ಸಹಿಯನ್ನಲ್ಲ, ತಮ್ಮ ಕೈಕೆಳಗಿನ ಎಲ್ಲರ ಸಹಿಯನ್ನೂ ನಿಲ್ಲಿಸಿದರು. ಏಳು ತಿಂಗಳಾಯಿತು. ಗುಂಗುರು ಹುಡುಗಿ ಹಾಸ್ಟೆಲ್ ಬಿಟ್ಟು ಗೆಳತಿಯ ಕೋಣೆಯ ನೆಲದ ಮೇಲೆ ಮಲಗುತ್ತಿದ್ದಳು. ಇನ್ನೊಬ್ಬ ಊಟ ತಲುಪಿಸುವ ಕೆಲಸಕ್ಕೆ ಸೇರಿ, ಅದೇ ಪ್ರೊಫೆಸರರ ಮನೆಗೆ ಪೊಟ್ಟಣ ಒಯ್ದಿದ್ದ. ಅವರು ಬಾಗಿಲಲ್ಲಿ ನಿಂತು, ಚಿಲ್ಲರೆ ನೀನೇ ಇಟ್ಟುಕೋ ಎಂದಿದ್ದರಂತೆ.

 ಆದರೂ ಇನ್‌ಸ್ಪೆಕ್ಟರಮ್ಮನಿಗೆ ಒಂದು ಪ್ರಶ್ನೆ ಉಳಿದಿತ್ತು. ಇದೆಲ್ಲ ಹಳೆಯ ಜಗಳ. ಹೋದ ಬುಧವಾರ ಹೊಸದಾಗಿ ಏನಾಯಿತು?

ಹುಡುಗಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. ಕಷ್ಟಕ್ಕೆ ಸಿಕ್ಕ ವಿದ್ಯಾರ್ಥಿಗಳಿಗೆಂದೇ ತುರ್ತು ನೆರವು ನಿಧಿಯೊಂದಿದೆ, ಯಾರ ಸಹಿಯೂ ಬೇಡ, ಕಷ್ಟ ಇದ್ದರೆ ಸಾಕು ಎಂದು ಕೌಂಟರಕ್ಕ ಅಂದು ಹೇಳಿದ್ದಳು. ಎಲ್ಲ ವಿದ್ಯಾರ್ಥಿಗಳ ಶುಲ್ಕದಿಂದಲೂ ವರ್ಷವರ್ಷ ಅದಕ್ಕೆ ಪಾಲು ಹೋಗುತ್ತದೆ, ಈವರೆಗೆ ಒಬ್ಬರಿಗೂ ಕೊಟ್ಟಿಲ್ಲ. ಹಾಗಾದರೆ ಆ ದುಡ್ಡೆಲ್ಲಿ ಎಂದು ಮರುದಿನ ಎಲ್ಲರೂ ಒಟ್ಟಿಗೆ ಹೋಗಿ ಕೇಳೋಣ ಎಂದಿದ್ದಳು. ಆಮೇಲೆ ಯಾರದೋ ಫೋನ್ ಬಂತು. ಬಂದೆ ಸರ್ ಎಂದಳು. ಒಂದು ಸಣ್ಣ ಕೆಲಸವಂತೆ, ಮುಗಿಸಿ ಬರುತ್ತೇನೆ, ಟೀ ಹೇಳಿರು ಎಂದು ಹೋದಳು.

ಸರ್ ಎಂದರೆ ಯಾರು?

“ಇಲ್ಲಿ ಎಲ್ಲರೂ ಸರ್‌ಗಳೇ ಮೇಡಂ.”

ಅವಳ ಫೋನು ಈವರೆಗೂ ಸಿಕ್ಕಿರಲಿಲ್ಲ.

ಎರಡು ದಿನದ ಹಿಂದೆ ಇನ್‌ಸ್ಪೆಕ್ಟರಮ್ಮ ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿಯನ್ನೂ ಕಂಡು ಬಂದಿದ್ದರು. ನಯವಾದ ಮನುಷ್ಯ, ಬೆಣ್ಣೆಯಲ್ಲಿ ಕೂದಲು ಎಳೆದಂಥ ಮಾತು. ವಿದ್ಯಾರ್ಥಿಗಳಿಗೆ ನೆರವಿನ ನಿಧಿಗಳು ಏನೇನಿವೆ ಎಂದು ಕೇಳಿದಾಗ ತುರ್ತು ನಿಧಿಯ ಹೆಸರೂ ಬಂದಿತ್ತು. ಅದು ಎಂದೋ ಮುಚ್ಚಿಹೋಗಿದೆ, ಈಗ ಅದರಲ್ಲಿ ಬಿಡಿಗಾಸಿಲ್ಲ ಎಂದು ಆತ ವಿಷಾದದಿಂದ ತಲೆಯಾಡಿಸಿದ್ದ.

*

ಆಸ್ಪತ್ರೆಯಲ್ಲಿ ಕೌಂಟರಕ್ಕನ ಅತ್ತೆ ಸೊಸೆಯ ತಲೆ ಬಾಚುತ್ತಿದ್ದಳು.

ಬಿದ್ದಾಗ ತಲೆಗಾದ ಗಾಯಕ್ಕೆ ಹಾಕಿದ ಹೊಲಿಗೆಯ ಸುತ್ತ ಕೂದಲನ್ನು ಯಾರೋ ಅಡ್ಡಾದಿಡ್ಡಿ ಕತ್ತರಿಸಿದ್ದರು. ಊರಿನ ಮುಖ್ಯ ರಸ್ತೆಯಲ್ಲಿ ಹೆಂಗಸರ ಕೇಶಾಲಂಕಾರದ ಅಂಗಡಿ ಇಟ್ಟಿದ್ದ ಅತ್ತೆಗೆ ಅದನ್ನು ನೋಡಿ ತಡೆಯಲಾಗಿರಲಿಲ್ಲ. ತನ್ನದೇ ಕತ್ತರಿ ತಂದು, ನರ್ಸಿನ ಕಣ್ಣು ತಪ್ಪಿಸಿ ಸಮ ಮಾಡಿದ್ದಳು. ಮಗ ಹಡಗಿನ ಕೆಲಸದವನು, ನಡುಸಮುದ್ರದಲ್ಲಿದ್ದ. ಸುದ್ದಿ ತಲುಪಿತ್ತು, ಅವನು ತಲುಪುವಂತಿರಲಿಲ್ಲ.

ಈ ಕೆಲಸಕ್ಕೆ ಇನ್‌ಸ್ಪೆಕ್ಟರಮ್ಮನನ್ನು ಹಚ್ಚಿದ್ದು ಅವಳೇ. ಅಂದು ಮನೆಗೆ ಬಂದವಳು ಕುರ್ಚಿ ತೋರಿಸಿದರೂ ಕೂತಿರಲಿಲ್ಲ. “ನನ್ನ ಸೊಸೇನ ಫ್ರಿಜ್ಜಿಗೆ ಹಾಕಿ ಬಾಗಿಲು ಹಾಕಿದ್ದಾರೆ. ಯಾರು ಅಂತ ನನಗೆ ಗೊತ್ತಾಗಬೇಕು,” ಎಂದಷ್ಟೇ ಹೇಳಿ ಹೋಗಿದ್ದಳು.

ಇವತ್ತು ಬೆಳಿಗ್ಗೆ ಪ್ರೊಫೆಸರ್ ಬಂದಿದ್ದರು ಎಂದಳು. ಹಣ್ಣಿನ ಬುಟ್ಟಿ ಕಿಟಕಿಯಲ್ಲಿತ್ತು. ಮೇಲಿನ ಹಾಳೆಯನ್ನೂ ಬಿಚ್ಚಿರಲಿಲ್ಲ.

ಮಂಚದ ಪಕ್ಕ ನಿಂತು ಅವರು ಆ ಸಂಜೆಯ ಕಥೆಯನ್ನೆಲ್ಲ ಹೇಳಿದ್ದರಂತೆ. ತಮ್ಮ ಮಾದರಿಗಳನ್ನು ನೋಡಲು ಹೋದಾಗ ಚಿಲಕ ಹಾಕಿತ್ತು. ತೆರೆದು ಒಳಗೆ ಹೋದರೆ ಎರಡನೆಯ ಕಪಾಟಿನ ಹಿಂದೆ ಇವಳು ಬಿದ್ದಿದ್ದಳು. ನೆಲಕ್ಕೆ ಅಂಟಿಕೊಂಡಿದ್ದ ಬಟ್ಟೆ ಬಿಡಿಸಿ, ಎಳೆದು, ಎತ್ತಿಕೊಳ್ಳುವಷ್ಟರಲ್ಲಿ ಐದಾರು ನಿಮಿಷವಾಗಿ ಕೈಕಾಲು ಮರಗಟ್ಟಿತ್ತು. ಹೇಗೋ ಹೊರಗೆ ತಂದು ತಲೆ ಎತ್ತಿದರೆ ಮೊಗಸಾಲೆಯ ಆ ತುದಿಯಲ್ಲಿ, ಮೆಟ್ಟಿಲ ಬಳಿ, ಕೊಕ್ಕರೆ ನಿಂತಿದ್ದ. ಇವರನ್ನು ಕಂಡವನೇ ಓಡಿದ.

“ಅವನ ಕಣ್ಣಲ್ಲಿ ಹೆದರಿಕೆ ಕಂಡೆ ತಾಯಿ ಅಂದ,” ಎಂದಳು ಅತ್ತೆ. “ನನಗೆ ಅವನನ್ನ ನಂಬೋಕಾಗ್ಲಿಲ್ಲ. ಯಾಕೆ ಅಂತ ಕೇಳಬೇಡಿ. ಸೊಸೆ ನನ್ನ ಹತ್ರ ಎಲ್ಲಾ ಹೇಳ್ತಿದ್ಲು. ಕೊಕ್ಕರೆ ಹೊಟ್ಟೆಗಿಲ್ಲದೆ ಇದಾನೆ ಅಂತ ವಾರಕ್ಕೊಮ್ಮೆ ಮನೆಗೆ ಕರ್ಕೊಂಡು ಬರೋಳು. ಕಣ್ಣಿಗೆ ಕಣ್ಣು ಕೊಟ್ಟು ಅನ್ನ ಕೇಳದ ಹುಡುಗ ಅದು.”

ಬಾಚಣಿಗೆ ನಿಂತಿತು. ಹಣ್ಣಿನ ಬುಟ್ಟಿಯನ್ನು ಎತ್ತಿ ಮಂಚದ ಕೆಳಗೆ ತಳ್ಳಿದಳು.

*

ನಾದಿನಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ಹಾಗಾಗಿ ಅವಳ ಕಾರಿನಲ್ಲಿ ಎಡಗಡೆ ಕೂತವರ ಕಾಲಿಗೂ ಒಂದು ಬ್ರೇಕ್ ಸಿಗುತ್ತಿತ್ತು. ಇನ್‌ಸ್ಪೆಕ್ಟರಮ್ಮನಿಗೆ ಅದನ್ನು ಮುಟ್ಟಬೇಡಿ ಎಂದು ಅವಳು ಸಾವಿರ ಸಲ ಹೇಳಿದ್ದಳು.

ಆಸ್ಪತ್ರೆಯಿಂದ ಹೊರಟು ದೊಡ್ಡ ರಸ್ತೆಗೆ ಸೇರಿದ್ದರು. ನಾದಿನಿ ಪ್ರೊಫೆಸರನನ್ನು ಆಡಿಕೊಳ್ಳುತ್ತಿದ್ದಳು. ವಿಭಾಗದಲ್ಲಿ ಒಮ್ಮೆ ಎದುರಿಗೆ ಸಿಕ್ಕಿದ್ದನಂತೆ. ಸೀಸೆಯ ತಳದಷ್ಟು ದಪ್ಪದ ಕನ್ನಡಕ, ಅದನ್ನು ತೆಗೆದು ಒರೆಸುವಾಗ ಗೋಡೆಗೇ ನಮಸ್ಕಾರ ಹೇಳಿಬಿಟ್ಟ, ಪಾಪ, ತನ್ನ ಅಂಗೈ ತನಗೆ ಕಾಣುವುದಿಲ್ಲ, ಮೊಗಸಾಲೆಯ ತುದಿಯಲ್ಲಿ ಇನ್ನೊಬ್ಬರ ಕಣ್ಣಿನ ಹೆದರಿಕೆ ಕಂಡಿತಂತೆ.

ಇನ್‌ಸ್ಪೆಕ್ಟರಮ್ಮನ ಕಾಲು ಬ್ರೇಕಿನ ಮೇಲೆ ಬಿತ್ತು.

ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಂತಿತು. ಹಿಂದಿನ ವಾಹನಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ನಾದಿನಿ ಸ್ಟೀರಿಂಗ್ ಬಿಟ್ಟು ಎದೆ ಹಿಡಿದುಕೊಂಡಳು.

“ಗಾಡಿ ತಿರುಗಿಸು,” ಎಂದರು ಇನ್‌ಸ್ಪೆಕ್ಟರಮ್ಮ.

*

ಪ್ರೊಫೆಸರ್ ಬಹಳ ಸೌಜನ್ಯದಿಂದ ಬರಮಾಡಿಕೊಂಡರು. ಮಧ್ಯವಯಸ್ಸು, ಇಸ್ತ್ರಿ ಹಾಕಿದ ಅಂಗಿ, ಮಾತು ಮಾತಿಗೂ ‘ನೋಡಿ’. ತಮ್ಮ ವಿದ್ಯಾರ್ಥಿನಿಯ ಮೇಲೆ ತಮಗಿದ್ದ ಅಭಿಮಾನವನ್ನು ವಿವರಿಸಿದರು. ಸಹಿಗಳ ಬಗ್ಗೆ ಕೇಳಿದಾಗ ಮುಖ ಸ್ವಲ್ಪ ಬಿಗಿಯಿತು. ಈಗಿನ ಹುಡುಗರಿಗೆ ದುಡ್ಡು ಬೇಕು, ಕೆಲಸ ಬೇಡ. ಫೆಲೋಶಿಪ್ ಎಂದರೆ ಸಂಬಳವಲ್ಲ, ಅದು ಗುರುವಿನ ವಿಶ್ವಾಸ. ಆ ವಿಶ್ವಾಸವನ್ನು ಪ್ರತಿ ತಿಂಗಳೂ ಗಳಿಸಬೇಕು ಎಂದರು.

“ಗೋಡೆಗೆ ಬಣ್ಣ ಹೊಡೆದು?”

“ನೋಡಿ, ಅದು ಪ್ರೀತಿಯಿಂದ ಮಾಡಿದ್ದು.”

ಇನ್‌ಸ್ಪೆಕ್ಟರಮ್ಮ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡರು. ಆ ಸಂಜೆ ನಡೆದದ್ದನ್ನು ಒಮ್ಮೆ ಜಾಗದಲ್ಲೇ ಮಾಡಿ ತೋರಿಸುತ್ತೀರಾ ಎಂದು ವಿನಯವಾಗಿ ಕೇಳಿದರು. ನ್ಯಾಯಾಲಯದಲ್ಲಿ ನಿಮ್ಮ ಸಾಕ್ಷಿಯ ಮೇಲೆಯೇ ಎಲ್ಲ ನಿಂತಿದೆ, ವಕೀಲರು ಕೆದಕುವ ಮೊದಲು ನಾವೇ ಗಟ್ಟಿ ಮಾಡಿಕೊಳ್ಳೋಣ ಎಂದರು.

ಪ್ರಯೋಗ ನನ್ನ ಕಸುಬೇ ಎಂದು ಪ್ರೊಫೆಸರ್ ನಕ್ಕು ಎದ್ದರು.

ಶೀತಲ ಕೊಠಡಿಯ ಮುಂದೆ ಆಗಲೇ ನಾಲ್ಕಾರು ವಿದ್ಯಾರ್ಥಿಗಳು ಸೇರಿದ್ದರು. ಗುಂಗುರು ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ಅವರನ್ನು ಚದುರಿಸಲು ಪ್ರೊಫೆಸರ್ ಕೈ ಎತ್ತಿದರು, ಯಾರೂ ಅಲುಗಲಿಲ್ಲ. ಇನ್‌ಸ್ಪೆಕ್ಟರಮ್ಮ ಗೂಟದಿಂದ ಕೋಟು ತೆಗೆದು ಕೊಟ್ಟರು. ಬಾಗಿಲಿಗೆ ನಾನೇ ಕೈ ಇಟ್ಟುಕೊಂಡಿರುತ್ತೇನೆ, ಚಿಲಕ ಹಾಕುವುದಿಲ್ಲ, ಅಂದು ಎಷ್ಟು ಹೊತ್ತಾಯಿತೋ ಅಷ್ಟು ಹೊತ್ತು ಎರಡನೆಯ ಕಪಾಟಿನ ಹಿಂದೆ ಇದ್ದು ಬನ್ನಿ ಎಂದರು.

ಪ್ರೊಫೆಸರ್ ಒಳಗೆ ಹೋದರು.

ಹೊರಗೆ ಎಲ್ಲರೂ ಕಾದರು. ಯಂತ್ರದ ಗುಂಯ್‌ಗುಡುವ ಸದ್ದು ಮಾತ್ರ. ಹುಡುಗನೊಬ್ಬ ಬಾಗಿಲಿನ ಆ ತೂತನ್ನೇ ನೋಡುತ್ತಿದ್ದ. ಇಂಥ ಸದ್ದಿನಲ್ಲಿ ಒಳಗಿನಿಂದ ಎಷ್ಟು ಬಡಿದರೂ ಯಾರಿಗೂ ಕೇಳುವುದಿಲ್ಲ ಎಂಬುದು ಅವನ ಮುಖದಲ್ಲಿ ಕಾಣುತ್ತಿತ್ತು.

ಬಾಗಿಲು ತೆರೆಯಿತು. ಪ್ರೊಫೆಸರ್ ಎರಡು ಹೆಜ್ಜೆ ಹೊರಗೆ ಬಂದು ನಿಂತರು. ನಿಂತಲ್ಲೇ ಎರಡು ಗಾಜುಗಳೂ ಬೆಳ್ಳಗಾದವು.

“ಅಲ್ಲೇ ನಿಲ್ಲಿ,” ಎಂದರು ಇನ್‌ಸ್ಪೆಕ್ಟರಮ್ಮ. “ಕನ್ನಡಕ ಮುಟ್ಟಬೇಡಿ. ಅವತ್ತು ನಿಮ್ಮ ಎರಡು ಕೈಯಲ್ಲೂ ಒಂದು ಜೀವ ಇತ್ತು. ಈಗ ಹೇಳಿ. ಮೆಟ್ಟಿಲ ಹತ್ತಿರ ಯಾರು ನಿಂತಿದ್ದಾರೆ?”

ಪ್ರೊಫೆಸರ್ ಕತ್ತು ಚಾಚಿದರು.  

“ನೋಡಿ... ಹೆಂಗಸು,” ಎಂದರು. “ನಿಮ್ಮ ಜೊತೆ ಬಂದವರು. ನಿಮ್ಮ ನಾದಿನಿ.”

“ನಾನಿಲ್ಲೇ ಇದೀನಿ ಸರ್,” ಎಂದಳು ನಾದಿನಿ, ಅವರ ಮೊಣಕೈ ಪಕ್ಕದಿಂದ.

ಮೆಟ್ಟಿಲ ಬಳಿ ಯಾರೂ ಇರಲಿಲ್ಲ.

ಪ್ರೊಫೆಸರ್ ಕನ್ನಡಕ ಕಿತ್ತುಕೊಂಡರು. ಬರಿಗಣ್ಣಿನಲ್ಲಿ ಅವರ ಮುಖ ಬೇರೆಯಾಗಿತ್ತು, ಸಣ್ಣದಾಗಿತ್ತು. ಅಂದು ಕನ್ನಡಕ ಹೀಗಾಗಿರಲಿಲ್ಲ, ಅಂದು ಸೆಕೆ ಕಡಿಮೆ ಇತ್ತು, ಅಂದು ಕನ್ನಡಕವನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೆ ಎಂದು ಒಂದರ ಮೇಲೊಂದು ಹೇಳುತ್ತ ಹೋದರು. ಜೇಬಿನಲ್ಲಿತ್ತು ಎನ್ನುವಾಗ ಅವರಿಗೇ ತಾವು ಏನು ಹೇಳುತ್ತಿದ್ದೇವೆಂದು ತಿಳಿದು ಮಾತು ನಿಂತಿತು.

ಇನ್‌ಸ್ಪೆಕ್ಟರಮ್ಮ ಅವರ ಹತ್ತಿರ ಹೋದರು. ದನಿ ಏರಿಸಲಿಲ್ಲ. ಅವರ ಸಿಟ್ಟು ಹೆಚ್ಚಾದಷ್ಟೂ ದನಿ ತಗ್ಗುತ್ತದೆ ಎಂಬುದು ಠಾಣೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು.

“ಒಬ್ಬ ಹುಡುಗನ ಅನ್ನ ಏಳು ತಿಂಗಳು ಕಿತ್ಕೊಂಡ್ರಿ. ಅವನು ಕೇಳಿದ್ದಕ್ಕೆ ಉಳಿದವರದ್ದೂ ಕಿತ್ಕೊಂಡ್ರಿ. ಅದೂ ಸಾಲಲಿಲ್ಲ ಅಂತ ಅವನ ಕುತ್ತಿಗೆಗೆ ಕೊಲೆ ಪ್ರಯತ್ನ ಕಟ್ಟಿದ್ರಿ. ಅವನ ಕಣ್ಣಲ್ಲಿ ಹೆದರಿಕೆ ಬೇರೆ ಕಂಡಿತಂತೆ. ಅದೂ ಅವಳ ಅತ್ತೆ ಎದುರಿಗೆ ಹೇಳ್ತೀರಿ, ಹಣ್ಣಿನ ಬುಟ್ಟಿ ಹಿಡ್ಕೊಂಡು.”

ಪ್ರೊಫೆಸರ್ ಗೋಡೆ ಹಿಡಿದು ಕೂತರು. ಕೂತದ್ದು ನೆಲದ ಮೇಲೆಂದು ಅವರಿಗೆ ಗೊತ್ತಾದಂತೆ ಕಾಣಲಿಲ್ಲ.

ತಾನು ಯಾರನ್ನೂ ನೋಡಿಲ್ಲ ಎಂದು ಒಪ್ಪಿಕೊಂಡರು. ಚಿಲಕ ಹಾಕಿದವನು ತಾನಲ್ಲ. ಕೊಠಡಿಗೆ ಹೋದಾಗ ಮೊಗಸಾಲೆ ಖಾಲಿ ಇತ್ತು. ಅವಳನ್ನು ಹೊರಗೆ ತಂದದ್ದು ನಿಜ, ಕೂಗಿಕೊಂಡದ್ದು ನಿಜ. ಪೊಲೀಸರು ಯಾರ ಮೇಲಾದರೂ ಅನುಮಾನ ಇದೆಯೇ ಎಂದಾಗ ಬಾಯಿಗೆ ಕೊಕ್ಕರೆಯ ಹೆಸರು ಬಂತು. ಯಾರೂ ಹೇಳಿಕೊಡಲಿಲ್ಲ. ಅವನ ದೂರಿನ ವಿಚಾರಣೆ ಆ ವಾರವೇ ಇತ್ತು.

“ಅವಳನ್ನ ಒಳಗೆ ಕಳಿಸಿದ ‘ಸರ್’ ನೀವಲ್ವಾ?”

“ಅಲ್ಲ. ಪ್ರಮಾಣ ಮಾಡಿ ಹೇಳ್ತೀನಿ, ಅಲ್ಲ. ಅವಳಾಗಲೇ ನನ್ನ ಫೋನ್ ಎತ್ತೋದೇ ಬಿಟ್ಟಿದ್ಲು.”

ಸುಳ್ಳನ ಬಾಯಲ್ಲಿ ಬಂದರೂ ಅದು ನಿಜವೆಂದು ಇನ್‌ಸ್ಪೆಕ್ಟರಮ್ಮನಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಇವನನ್ನು ಈ ಕೈಯಿಂದಲೇ ಒಳಗೆ ಹಾಕಿಸಬೇಕೆಂಬ ಆಸೆಯಿತ್ತು. ಸಿಕ್ಕಿದ್ದು ಒಬ್ಬ ಸಣ್ಣ ಮನುಷ್ಯ, ಅಷ್ಟೇ. ಚಿಲಕ ಹಾಕಿದ ಕೈ ಇನ್ನೂ ಎಲ್ಲೋ ಹೊರಗೆ, ಕಾಲ ಮೇಲೆ ಕಾಲು ಹಾಕಿ ಕೂತಿತ್ತು.

ಆದರೂ ಒಂದು ಕೆಲಸವಾಯಿತು. ಕೊಕ್ಕರೆಯನ್ನು ಆ ಜಾಗದಲ್ಲಿ ನೋಡಿದೆ ಎಂದವರು ಇವರೊಬ್ಬರೇ. ಈಗ ಆ ಸಾಕ್ಷಿಯೂ ಬಿದ್ದುಹೋಯಿತು. ಇವರನ್ನು ಎಬ್ಬಿಸಿ ಠಾಣೆಗೆ ಕರೆದೊಯ್ದರೆ ಸಂಜೆಯೊಳಗೆ ಹುಡುಗ ಮನೆಯಲ್ಲಿರುತ್ತಾನೆ. ಕಾರು ತರಲು ನಾದಿನಿಗೆ ಹೇಳಿದರು.

ಆಗ ಹುಡುಗನೊಬ್ಬನ ಜೇಬಿನಲ್ಲಿ ಫೋನು ಸದ್ದು ಮಾಡಿತು. ಬೆನ್ನಿಗೇ ಇನ್ನೊಬ್ಬನದು. ಆಮೇಲೆ ಗುಂಗುರು ಹುಡುಗಿಯದು. ಮೊಗಸಾಲೆಯ ತುಂಬ ಫೋನುಗಳು ಒಂದಾದ ಮೇಲೊಂದು ಗುನುಗಿದವು.

ಊಟ ತಲುಪಿಸುತ್ತಿದ್ದ ಹುಡುಗ ಪರದೆಯನ್ನು ನೋಡಿದ, ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಪಕ್ಕದವನ ಫೋನಿಗೆ ಇಣುಕಿದ. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಏಳು ತಿಂಗಳ ದುಡ್ಡು, ಒಂದು ಕಾಸೂ ಬಿಡದೆ, ಎಲ್ಲರ ಖಾತೆಗೂ ಬಂದು ಬಿದ್ದಿತ್ತು. ಯಾರೋ ಅಮ್ಮನಿಗೆ ಫೋನ್ ಮಾಡಲು ಮೆಟ್ಟಿಲ ಕಡೆ ಓಡಿದರು.

ಪ್ರೊಫೆಸರ್ ನೆಲದಿಂದಲೇ ತಲೆ ಎತ್ತಿದರು. ಅವರ ಮುಖದಲ್ಲಿ ಅವಮಾನದ ಜಾಗದಲ್ಲಿ ಗಾಬರಿ ಬಂದಿತ್ತು.

“ಅದು ಹೇಗೆ ಬರುತ್ತೆ? ನಾನು ಸಹಿ ಹಾಕಿಲ್ಲ.”

ಗುಂಗುರು ಹುಡುಗಿ ಮಾತ್ರ ನಗುತ್ತಿರಲಿಲ್ಲ. ಫೋನು ಹಿಡಿದುಕೊಂಡು ಇನ್‌ಸ್ಪೆಕ್ಟರಮ್ಮನ ಹತ್ತಿರ ಬಂದಳು. ಇದು ಫೆಲೋಶಿಪ್ ದುಡ್ಡಲ್ಲ ಮೇಡಂ ಎಂದಳು. ಕಳಿಸಿದ ಖಾತೆಯ ಹೆಸರು ಓದಿ ಹೇಳಿದಳು. ತುರ್ತು ನೆರವು ನಿಧಿ.

ಎಂದೋ ಮುಚ್ಚಿಹೋದ ನಿಧಿ. ಬಿಡಿಗಾಸಿಲ್ಲದ ನಿಧಿ.

ಇನ್‌ಸ್ಪೆಕ್ಟರಮ್ಮನ ಕಿವಿಯಲ್ಲಿ ಹಣಕಾಸು ಅಧಿಕಾರಿಯ ಆ ನಯವಾದ ದನಿ ಮತ್ತೊಮ್ಮೆ ವಿಷಾದಪಟ್ಟಿತು. ವರ್ಷಗಟ್ಟಲೆ ಒಬ್ಬರಿಗೂ ಕೊಡದವರು ಇವತ್ತೇ ಯಾಕೆ ಕೊಟ್ಟರು? ಯಾವುದರ ಬೆಲೆ ಇದು?

ಅವರ ಸ್ವಂತ ಫೋನು ರಿಂಗಾದದ್ದು ಆಗಲೇ. ಠಾಣೆಯ ಸಬ್‌ಇನ್‌ಸ್ಪೆಕ್ಟರ್. ಅವರು ಬಾಯಿ ತೆರೆಯುವ ಮೊದಲೇ ಅವನು ಶುರುಮಾಡಿದ್ದ. ಕೊಕ್ಕರೆ ಒಪ್ಪಿಕೊಂಡಿದ್ದಾನೆ. ಬೆಳಿಗ್ಗೆ ಒಬ್ಬ ವಕೀಲ ಬಂದು ಹುಡುಗನ ಜೊತೆ ಸ್ವಲ್ಪ ಹೊತ್ತು ಕೂತು ಹೋದ, ಯಾರು ಗೊತ್ತು ಮಾಡಿದ ವಕೀಲನೋ ತಿಳಿಯದು. ಅವನು ಹೋದ ಮೇಲೆ ಹುಡುಗ ತಾನಾಗಿಯೇ ಕರೆದು, ಚಿಲಕ ಹಾಕಿದವನು ನಾನೇ ಎಂದು ಹೇಳಿ ಸಹಿ ಮಾಡಿದ.

“ಯಾರೂ ಕೈ ಮುಟ್ಟಿಲ್ಲ ಮೇಡಂ, ನನ್ನಾಣೆಗೂ ಇಲ್ಲ. ನನಗೂ ನಂಬಿಕೆ ಬರ್ತಿಲ್ಲ. ಅದಕ್ಕೇ ನಿಮಗೆ ಫೋನ್ ಮಾಡಿದೆ.” ಸಬ್‌ಇನ್‌ಸ್ಪೆಕ್ಟರ್ ದನಿ ತಗ್ಗಿಸಿದ. “ಅನ್ನ ಬೇಡ ಅಂತಾನೆ, ನೀರು ಬೇಡ ಅಂತಾನೆ. ಬಂದವರನ್ನೆಲ್ಲ ಒಂದೇ ಮಾತು ಕೇಳ್ತಿದ್ದಾನೆ. ಅವರೆಲ್ಲರಿಗೂ ದುಡ್ಡು ಬಂತಾ ಅಂತ.”